ಯುರೋಪಿಯಂ ಇರಿಡೇಟ್: ಒಂದೇ ಪೆಲೆಟ್‌ನ ಮೇಲೆ ಎರಡು ಅಳತೆ

ಪೈರೋಕ್ಲೋರ್ ಇರಿಡೇಟ್‌ಗಳು (ಯುರೋಪಿಯಂ, ನಿಯೋಡಿಮಿಯಂನಂಥ ಒಂದು ಲೋಹವೂ ಇರಿಡಿಯಂ ಕೂಡ ಸೇರಿದ ಆಕ್ಸೈಡ್‌ಗಳು) ತಣ್ಣಗಾದಂತೆ ಲೋಹದ ಗುಣ ಬಿಟ್ಟು ಅವಾಹಕಗಳಾಗುವುದನ್ನು ಅಳೆಯಲು ನಾನು ಯುರೋಪಿಯಂ ಸಂಯುಕ್ತವನ್ನು ಆರಿಸಿಕೊಂಡೆ. ನಿಯೋಡಿಮಿಯಂ ಅಯಾನಿನ ಕಾಂತೀಯತೆ ಇರಿಡಿಯಂನ ಸಣ್ಣ ಸಂಕೇತವನ್ನು ಮುಚ್ಚಿಬಿಡುತ್ತದೆ. ಆದರೆ ಮೂರು ಧನ ಆವೇಶದ ಯುರೋಪಿಯಂಗೆ ಮೂಲಸ್ಥಿತಿಯಲ್ಲಿ ಕಾಂತೀಯ ಮೊಮೆಂಟ್ (ಪುಟ್ಟ ಕಾಂತದಂಥ ಗುಣ) ಇಲ್ಲ. ಜೊತೆಗೆ ಪರಿವರ್ತನೆ ಸುಮಾರು 120 ಕೆಲ್ವಿನ್‌ನಲ್ಲಿ ಆಗುವುದರಿಂದ ದ್ರವ ನೈಟ್ರೋಜನ್‌ನಿಂದಲೇ ಮೊದಲ ಪರೀಕ್ಷೆ ಮುಗಿಯುತ್ತದೆ. ನಿಯೋಡಿಮಿಯಂ ಇರಿಡೇಟ್‌ನಲ್ಲಿ ಇದೇ ಪರಿವರ್ತನೆಗೆ 33 ಕೆಲ್ವಿನ್‌ವರೆಗೆ ಇಳಿಯಬೇಕು. ಪ್ರೇಸಿಯೋಡಿಮಿಯಂನದಂತೂ ಎಷ್ಟು ತಣ್ಣಗಾದರೂ ಲೋಹವೇ.

ಒಂದು ಗ್ರಾಂ ಮಾದರಿಗೆ 0.4397 ಗ್ರಾಂ ಯುರೋಪಿಯಂ ಆಕ್ಸೈಡ್, 0.5603 ಗ್ರಾಂ ಇರಿಡಿಯಂ ಡೈಆಕ್ಸೈಡ್ ಬೇಕು. ಯುರೋಪಿಯಂ ಆಕ್ಸೈಡ್ ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರುತ್ತದೆಯಾದ್ದರಿಂದ ಅದನ್ನು ರಾತ್ರಿಯಿಡೀ ಕಾಯಿಸಿ, ಬಿಸಿ ಆರಿದ ಕೂಡಲೇ ತೂಗಿದೆ. ಎರಡನ್ನೂ ಅಗೇಟ್ ಮಾರ್ಟರ್‌ನಲ್ಲಿ ಅರೆದು, ಪುಡಿಯನ್ನು ಪೆಲೆಟ್ (ಗಟ್ಟಿ ಬಿಲ್ಲೆ) ಆಗಿ ಒತ್ತಿ, 1000 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೇಯಿಸಿ, ಮತ್ತೆ ಪುಡಿಮಾಡಿ ಅದೇ ಕ್ರಮವನ್ನು ಮುಂದುವರಿಸಿದೆ. ಉಷ್ಣತೆ ಏರಿಸಿದರೆ ಕ್ರಿಯೆ ಬೇಗ ಮುಗಿಯುತ್ತದೆ, ನಿಜ. ಆದರೆ ಆಗ ಇರಿಡಿಯಂ ಆಕ್ಸೈಡ್ ಆವಿಯಾಗಿ ಹೋಗುತ್ತದೆ, ಕಳೆದುಹೋದ ಇರಿಡಿಯಂನ ಜಾಗದಲ್ಲಿ ಯುರೋಪಿಯಂ ಸೇರಿಕೊಳ್ಳುತ್ತದೆ, ಪರಿವರ್ತನೆಯ ಚೂಪು ಮಾಸುತ್ತದೆ. ಇರಿಡಿಯಂನ ಬೆಲೆ ಬಲ್ಲವರಿಗೆ ಈ ನಷ್ಟದ ನೋವನ್ನು ಬೇರೆ ವಿವರಿಸಬೇಕಿಲ್ಲ.

ಪುಡಿಯಲ್ಲಿ ಯಾವ ಯಾವ ವಸ್ತುಗಳಿವೆ ಎಂದು ತೋರಿಸುವ ಎಕ್ಸ್-ಕಿರಣ ವಿವರ್ತನೆಯಲ್ಲಿ (ತಾಮ್ರದ ಕಿರಣ) ಪೈರೋಕ್ಲೋರ್‌ನ ಮುಖ್ಯ ಶಿಖರ 30 ಡಿಗ್ರಿಯಲ್ಲಿ ಬರುತ್ತದೆ. ನನ್ನ ಕಣ್ಣು ಮಾತ್ರ 28ರಿಂದ 29 ಡಿಗ್ರಿಯ ನಡುವೆಯೇ ಇರುತ್ತಿತ್ತು. ಪೈರೋಕ್ಲೋರ್‌ನ ಒಂದು ದುರ್ಬಲ ಶಿಖರ ಅಲ್ಲಿ 28.7ರ ಬಳಿ ಇದ್ದರೆ, ಕ್ರಿಯೆಗೆ ಒಳಗಾಗದೆ ಉಳಿದ ಯುರೋಪಿಯಂ ಆಕ್ಸೈಡ್‌ನ ಅತಿ ಪ್ರಬಲ ಶಿಖರ 28.4ರಲ್ಲಿ ಅದಕ್ಕೆ ಅಂಟಿಕೊಂಡೇ ನಿಲ್ಲುತ್ತದೆ. ಆತುರದ ಸ್ಕ್ಯಾನ್‌ನಲ್ಲಿ ಎರಡೂ ಒಂದಾಗಿ ಕಾಣುತ್ತವೆ. 40.7ರಲ್ಲಿ ಏನಾದರೂ ತಲೆಯೆತ್ತಿದರೆ ಅದು ಲೋಹರೂಪಕ್ಕೆ ಇಳಿದ ಇರಿಡಿಯಂ. ಅಂಥ ಪೆಲೆಟ್‌ನ ರೋಧ ಅಳೆಯುವುದರಲ್ಲಿ ಅರ್ಥವಿಲ್ಲ, ಏಕೆಂದರೆ ವಿದ್ಯುತ್ತು ಲೋಹದ ಕಣಗಳ ಮೂಲಕವೇ ದಾರಿ ಹುಡುಕಿಕೊಳ್ಳಬಹುದು.

ಒಪ್ಪಿಗೆಯಾದ ಪೆಲೆಟ್‌ನಿಂದ ಪಟ್ಟಿ ಕತ್ತರಿಸಿ, ನಾಲ್ಕು ಚಿನ್ನದ ತಂತಿಗಳನ್ನು ಬೆಳ್ಳಿಯ ಪೇಸ್ಟ್‌ನಿಂದ ಅಂಟಿಸಿ ರೋಧ ಅಳೆದೆ. ಉಳಿದ ತುಂಡನ್ನು ಕಾಂತತ್ವವನ್ನು ಬಲು ಸೂಕ್ಷ್ಮವಾಗಿ ಅಳೆಯುವ ಸ್ಕ್ವಿಡ್ ಮ್ಯಾಗ್ನೆಟೋಮೀಟರ್‌ಗೆ ಹಾಕಿದೆ. ಬೇರೆ ಬೇರೆ ಬ್ಯಾಚ್‌ಗಳ ರೋಧ ಮತ್ತು ಕಾಂತತ್ವವನ್ನು ಒಂದೇ ಚಿತ್ರದಲ್ಲಿ ಜೋಡಿಸುವುದು ನನಗೆ ಒಪ್ಪಿಗೆಯಿಲ್ಲ: ಸಂಯೋಜನೆಯ ಅಲ್ಪ ವ್ಯತ್ಯಾಸಕ್ಕೂ ಪರಿವರ್ತನೆಯ ಉಷ್ಣತೆ ಜರುಗುವ ವಸ್ತುವಿನಲ್ಲಿ ಅಂಥ ಹೋಲಿಕೆ ಏನನ್ನೂ ಸಾಬೀತು ಮಾಡದು. ಒಂದೇ ಪೆಲೆಟ್‌ನಲ್ಲಿ, ರೋಧ ಏರತೊಡಗುವ 120 ಕೆಲ್ವಿನ್ ಸುಮಾರಿಗೇ, ಕಾಂತಕ್ಷೇತ್ರವಿಲ್ಲದೆ ತಣಿಸಿ ಪಡೆದ ಕಾಂತತ್ವದ ರೇಖೆ ಕ್ಷೇತ್ರದಲ್ಲಿ ತಣಿಸಿದ್ದರಿಂದ ಕವಲೊಡೆಯಿತು; ಅಂದರೆ ಅಲ್ಲಿಯೇ ಕಾಂತೀಯ ಜೋಡಣೆಯೂ ಶುರುವಾಗುತ್ತದೆ ಎಂಬ ಸೂಚನೆ. ತಣಿಸುವಾಗಿನ ಮತ್ತು ಕಾಯಿಸುವಾಗಿನ ರೋಧದ ರೇಖೆಗಳು ಒಂದರ ಮೇಲೊಂದು ಕೂತದ್ದರಿಂದ, ಪರಿವರ್ತನೆ ಹಠಾತ್ ಜಿಗಿತವಲ್ಲ, ನಿರಂತರವಾದದ್ದು ಎಂಬ ಅಭಿಪ್ರಾಯಕ್ಕೂ ಬಲ ಬಂತು.

ಆದರೆ ಸ್ಪಿನ್‌ಗಳು (ಇರಿಡಿಯಂ ಅಯಾನುಗಳ ಪುಟ್ಟ ಕಾಂತಗಳು) ಹೇಗೆ ಜೋಡಣೆಗೊಂಡಿವೆ ಎಂಬುದನ್ನು ಆ ಕವಲು ಹೇಳುವುದಿಲ್ಲ. ಯುರೋಪಿಯಂ, ಇರಿಡಿಯಂ ಎರಡೂ ನ್ಯೂಟ್ರಾನ್‌ಗಳನ್ನು ವಿಪರೀತ ಹೀರುವುದರಿಂದ, ಅದಕ್ಕೆ ಸಾಮಾನ್ಯವಾಗಿ ಬಳಸುವ ನ್ಯೂಟ್ರಾನ್ ವಿವರ್ತನೆಯ ಮಾರ್ಗ ಇಲ್ಲಿ ಕಠಿಣ. ಇರಿಡಿಯಂ ಅಯಾನುಗಳು ಮೂಲೆಗಳಲ್ಲಿರುವ ಒಂದು ಚತುಷ್ಫಲಕದ ನಾಲ್ಕೂ ಸ್ಪಿನ್‌ಗಳು ಒಳಮುಖ, ಪಕ್ಕದ್ದರ ನಾಲ್ಕೂ ಹೊರಮುಖ ಎಂಬ ಚಿತ್ರಕ್ಕೆ ಈ ಸಂಯುಕ್ತದಲ್ಲಿ 2013ರಲ್ಲಿ ಆಧಾರ ಒದಗಿಸಿದ್ದು ಅನುರಣನ ಎಕ್ಸ್-ಕಿರಣ ಪ್ರಯೋಗ, ಅದೂ ಏಕಸ್ಫಟಿಕದ ಮೇಲೆ. ಅಸಂಖ್ಯ ಸಣ್ಣ ಕಣಗಳನ್ನು ಒತ್ತಿ ಮಾಡಿದ ನನ್ನ ಪೆಲೆಟ್‌ಗೆ ಆ ಪ್ರಶ್ನೆ ಕೇಳಲಾಗದು.