ಕರುಳಿನ ಟಿ ಕೋಶಗಳ ಸಂಜ್ಞೆಗಳನ್ನು ಕರಿಹಲಗೆಯ ಮೇಲೆ ಬಿಡಿಸುವ ಬಗೆ

ಪ್ರತಿರೋಧ ಸಂಜ್ಞೆಗಳ ಪಾಠವನ್ನು ಸೈಟೊಕೈನ್‌ಗಳ, ಎಂದರೆ ಕೋಶಗಳು ಒಂದಕ್ಕೊಂದು ಕಳಿಸುವ ಸಂಜ್ಞಾ ಪ್ರೋಟೀನುಗಳ, ಪಟ್ಟಿಯಿಂದ ಆರಂಭಿಸಬೇಡಿ. ಮಕ್ಕಳು ಅದನ್ನು ಉರು ಹೊಡೆದು ಮರೆಯುತ್ತಾರೆ. ಹಲಗೆಯ ನಡುವೆ, ಇನ್ನೂ ಯಾವ ಪ್ರತಿಜನಕವನ್ನೂ (ಟಿ ಕೋಶ ಗುರುತಿಸುವ ಅಣು) ಕಾಣದ ಎಳೆಯ ಸಹಾಯಕ ಟಿ ಕೋಶವೊಂದನ್ನು (ಪ್ರತಿರೋಧದ ಒಂದು ಬಗೆಯ ಬಿಳಿ ರಕ್ತಕಣ) ಬರೆದು, ಅದರತ್ತ ಟಿಜಿಎಫ್-ಬೀಟಾ ಎಂಬ ಸೈಟೊಕೈನಿನ ಒಂದೇ ಬಾಣ ಎಳೆಯಿರಿ.

ಆ ಬಾಣದ ಜೊತೆಗೆ ಐಎಲ್-2 (ಐಎಲ್ ಎಂದರೆ ಇಂಟರ್‌ಲ್ಯೂಕಿನ್, ಇವೂ ಸೈಟೊಕೈನ್‌ಗಳೇ) ಇದ್ದು, ಟಿ ಕೋಶಗಳಿಗೆ ಪ್ರತಿಜನಕವನ್ನು ತೋರಿಸುವ ಕರುಳಿನ ಡೆಂಡ್ರಿಟಿಕ್ ಕೋಶಗಳು ಎ ಜೀವಸತ್ವದಿಂದ ತಯಾರಿಸುವ ರೆಟಿನೋಯಿಕ್ ಆಮ್ಲವೂ ಕೂಡಿಕೊಂಡರೆ, ಫಾಕ್ಸ್‌ಪಿ3 ಜೀನ್ ಚುರುಕಾಗಿ ಆ ಕೋಶವು ಉರಿಯೂತವನ್ನು ಹತ್ತಿಕ್ಕುವ ನಿಯಂತ್ರಕ ಕೋಶವಾಗುತ್ತದೆ. ಅದೇ ಬಾಣದ ಪಕ್ಕ ಐಎಲ್-6 ಬಂದು ನಿಂತರೆ, ಐಎಲ್-17 ಸ್ರವಿಸುವ ಟಿಎಚ್17 ಕೋಶ ರೂಪುಗೊಳ್ಳುತ್ತದೆ. ಇಲಿಗಳಲ್ಲಿ ಇದು 2006ರಲ್ಲಿ ಸ್ಪಷ್ಟವಾಯಿತು.

ನಾನು ಮೊದಲ ವರ್ಷ ಟಿಜಿಎಫ್-ಬೀಟಾದ ಪಕ್ಕ 'ಶಾಂತಿಪಾಲಕ' ಎಂದು ಬರೆದುಬಿಟ್ಟಿದ್ದೆ. ಹತ್ತು ನಿಮಿಷದ ಬಳಿಕ ಅದೇ ಅಣುವಿನಿಂದ ಟಿಎಚ್17ರ ಕಡೆಗೆ ಬಾಣ ಎಳೆಯುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸರ್, ಇದು ಪಕ್ಷಾಂತರ ಮಾಡಿತಾ?" ಎಂದು ಕೇಳಿದಳು. ಅಂದಿನಿಂದ ಯಾವ ಅಣುವಿನ ಪಕ್ಕದಲ್ಲೂ ಗುಣವಾಚಕ ಬರೆಯುವುದಿಲ್ಲ. ಮಡಿಕೇರಿಯ ಸುತ್ತಲಿನ ತೋಟದ ಮಕ್ಕಳಿಗೆ ಇದನ್ನು ತಿಳಿಸುವುದು ಕಷ್ಟವೂ ಅಲ್ಲ: ಅದೇ ಮಳೆ ಮಾರ್ಚಿನಲ್ಲಿ ರೋಬಸ್ಟಾ ಕಾಫಿ ಗಿಡಗಳಿಗೆ ಬಿದ್ದರೆ ಹೂಮಳೆ, ಜನವರಿಯಲ್ಲಿ ಕಣದಲ್ಲಿ ಒಣಹಾಕಿದ ಕಾಫಿಯ ಮೇಲೆ ಬಿದ್ದರೆ ಟಾರ್ಪಾಲು ಹಿಡಿದು ಮನೆಮಂದಿಯೆಲ್ಲ ಓಡಬೇಕು.

ಟಿಎಚ್17 ಕೋಶವನ್ನು ಖಳನಾಯಕನೆಂದು ತೋರಿಸುವುದೂ ತಪ್ಪು. ಕರುಳಿನ ಒಳಪದರವನ್ನು ಬಿಗಿಯಾಗಿಡಲು ಐಎಲ್-17 ನೆರವಾಗುತ್ತದೆ. ಐಎಲ್-23 ಎಡೆಬಿಡದೆ ಪ್ರಚೋದಿಸಿದಾಗ ಅವೇ ಕೋಶಗಳು ಹಾನಿಗಿಳಿಯುತ್ತವೆ. ಐಎಲ್-17 ಅನ್ನು ತಡೆಯುವ ಸೆಕುಕಿನುಮ್ಯಾಬ್ ಎಂಬ ಔಷಧಿ, ಕರುಳಿನ ದೀರ್ಘಕಾಲದ ಉರಿಯೂತವಾದ ಕ್ರೋನ್ ಕಾಯಿಲೆಗೆ ಉಪಕರಿಸಲಿಲ್ಲವೆಂದು 2012ರಲ್ಲಿ ವರದಿಯಾಯಿತು. ಐಎಲ್-23 ತಡೆಯುವ ಔಷಧಿಗಳು ಮುಂದೆ ಬಳಕೆಗೆ ಬಂದವು.

ಆಹಾರದ ನಾರನ್ನು ಹುದುಗಿಸಿ ಕರುಳಿನ ಬ್ಯಾಕ್ಟೀರಿಯಾಗಳು ಮಾಡುವ ಬ್ಯುಟಿರೇಟ್, ಇಲಿಗಳ ದೊಡ್ಡ ಕರುಳಿನಲ್ಲಿ ನಿಯಂತ್ರಕ ಕೋಶಗಳನ್ನು ಹೆಚ್ಚಿಸುತ್ತದೆ ಎಂದು ಹೇಳಿದ ಕೂಡಲೇ ಯಾರಾದರೊಬ್ಬರು ಕಣಿಲೆ ಸಾರು ತಿಂದರೆ ಸಾಕೇ ಎಂದು ಕೇಳಿಯೇ ಕೇಳುತ್ತಾರೆ. ಪ್ರಯೋಗ ನಡೆದದ್ದು ಇಲಿಗಳ ಮೇಲೆ ಎಂದಷ್ಟೇ ಉತ್ತರಿಸಿ.

ಕೊನೆಗೆ ನಿಯಂತ್ರಕ ಕೋಶದಿಂದ ಹೊರಡುವ ಐಎಲ್-10 ಬಾಣವನ್ನು ಬರೆದು, ಮರುಗಳಿಗೆಯೇ ಅಳಿಸಿ, ಏನಾದೀತು ಎಂದು ಕೇಳಿ. ಐಎಲ್-10ರ ಜೀನ್ ಇಲ್ಲದ ಇಲಿಗಳಿಗೆ ಕರುಳಿನ ಉರಿಯೂತ ಬಂದದ್ದನ್ನು 1993ರಲ್ಲೇ ಕಂಡಿದ್ದರು. ಈಗ ಬ್ಯಾಕ್ಟೀರಿಯಾಗಳನ್ನೂ ಅಳಿಸಿಬಿಡಿ: ಸೂಕ್ಷ್ಮಜೀವಿಗಳೇ ಇಲ್ಲದಂತೆ ಸಾಕಿದ ಅಂಥ ಇಲಿಗಳಿಗೆ ಆ ಉರಿಯೂತ ಬರಲಿಲ್ಲ.