ಕೊಯ್ದಿದ್ದು ಮಂಡಿ, ನೋವು ತೊಡೆಗೆ: ಟೂರ್ನಿಕೆ ಬಗ್ಗೆ ನನ್ನ ಅನುಭವ

“ಡಾಕ್ಟ್ರೇ, ನೀವು ಕೊಯ್ದಿದ್ದು ಮಂಡಿ, ನೋಯ್ತಿರೋದು ತೊಡೆ. ಇದ್ಯಾಕೆ?” ಮಂಡಿ ಕೀಲು ಬದಲಾಯಿಸಿದ ಮರುದಿನ ರೌಂಡ್ಸ್‌ಗೆ ಹೋದಾಗ ಈ ಪ್ರಶ್ನೆಯನ್ನು ರೋಗಿಗಳ ಬಾಯಲ್ಲಿ ಬಹಳ ಸಲ ಕೇಳಿದ್ದೇನೆ. ಸುಮ್ನೆ ಕೇಳುವ ಪ್ರಶ್ನೆ ಅಲ್ಲ ಅದು. ನನ್ನ ಆಪರೇಷನ್ ಕ್ರಮವೇ ಬದಲಾಗಿದ್ದು ಅದರಿಂದ.

ತೊಡೆ ನೋವಿಗೆ ಮುಖ್ಯ ಕಾರಣ ಟೂರ್ನಿಕೆ. ಬಿಪಿ ನೋಡುವಾಗ ತೋಳಿಗೆ ಕಟ್ಟುತ್ತಾರಲ್ಲ, ಅಂಥದ್ದೇ ಗಾಳಿ ತುಂಬುವ ಪಟ್ಟಿ. ಇದನ್ನು ತೊಡೆಯ ಮೇಲ್ಭಾಗಕ್ಕೆ ಸುತ್ತುತ್ತೇವೆ. ಅಗಲವೂ ಜಾಸ್ತಿ, ಒತ್ತಡವೂ ಜಾಸ್ತಿ. 1904ರಲ್ಲಿ ಅಮೆರಿಕದ ಹಾರ್ವೆ ಕುಶಿಂಗ್ ಗಾಳಿಯ ಟೂರ್ನಿಕೆಯನ್ನು ಬಳಕೆಗೆ ತಂದರು. ಇದು ಬಿಗಿಯಾದರೆ ಕಾಲಿಗೆ ರಕ್ತ ಹರಿಯುವುದು ನಿಲ್ಲುತ್ತದೆ, ಕೀಲಿನ ಒಳಗೆಲ್ಲ ಸ್ಪಷ್ಟವಾಗಿ ಕಾಣುತ್ತದೆ. ಚರ್ಮ ಕೊಯ್ಯುವ ಮೊದಲು ಬಿಗಿ ಮಾಡು, ಡ್ರೆಸ್ಸಿಂಗ್ ಆದ ಮೇಲೆ ಬಿಡು. ನಾನು ಕಲಿತಿದ್ದು ಹಾಗೆ.

ಸಣ್ಣ ಗಾಯದ ವಿಧಾನ ಶುರು ಮಾಡಿದ ಮೇಲೆ ಈ ಪದ್ಧತಿ ನನ್ನನ್ನು ಕಾಡತೊಡಗಿತು. ನಾನು ಮಾಡುವುದು ಸಬ್‌ವಾಸ್ಟಸ್ ದಾರಿ. ತೊಡೆಯ ಮುಂದಿನ ದೊಡ್ಡ ಸ್ನಾಯು ಕ್ವಾಡ್ರಿಸೆಪ್ಸ್. ಅದನ್ನು ಕೊಯ್ಯದೆ, ಅಂಚಿನಿಂದ ಎತ್ತಿ, ಕೆಳಗಡೆಯಿಂದ ಕೀಲಿಗೆ ಹೋಗುತ್ತೇವೆ. ಮಂಡಿ ಚಿಪ್ಪನ್ನು ಮಗುಚುವುದಿಲ್ಲ, ಪಕ್ಕಕ್ಕೆ ಸರಿಸುತ್ತೇವೆ ಅಷ್ಟೇ. ಜನ ಗಾಯದ ಉದ್ದ ಕೇಳುತ್ತಾರೆ. ನನ್ನ ಪ್ರಕಾರ ಲಾಭ ಇರುವುದು ಸ್ನಾಯು ಉಳಿಯುವುದರಲ್ಲಿ. ಕುರ್ಚಿಯಿಂದ ಏಳುವಾಗ, ಮೆಟ್ಟಿಲು ಹತ್ತುವಾಗ ನಮ್ಮನ್ನು ಎತ್ತುವುದು ಅದೇ. ಅಷ್ಟು ಜೋಪಾನ ಮಾಡಿದ ಸ್ನಾಯುವನ್ನು ಮೇಲುಗಡೆ ಗಂಟೆಗಟ್ಟಲೆ ಹಿಸುಕಿ ಇಡುವುದು ಸರಿಯಾ?

ಇನ್ನೊಂದು ತೊಂದರೆಯೂ ಇದೆ. ಕಾಲು ನೇರ ಇಟ್ಟು ಗಾಳಿ ತುಂಬಿದರೆ ಸ್ನಾಯು ಪಟ್ಟಿಯ ಅಡಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಮಂಡಿ ಮಡಚಿದರೆ ಅದು ಸಡಿಲ ಬಿಡುವುದಿಲ್ಲ, ಚಿಪ್ಪು ಸರಿಯುವುದಿಲ್ಲ. ಗಾಯ ಸಣ್ಣದಿದ್ದಾಗ ಇದು ದೊಡ್ಡ ತಲೆನೋವು. ಅದಕ್ಕೇ ಮೊದಲು ಮಂಡಿ ಪೂರ್ತಿ ಮಡಚಿ, ಆಮೇಲೆ ಗಾಳಿ ತುಂಬುತ್ತೇನೆ. ಕುಳ್ಳಗಿರುವ, ದಪ್ಪ ತೊಡೆಯ ಹೆಂಗಸರಲ್ಲಿ ಪಟ್ಟಿಯೇ ಅರ್ಧ ತೊಡೆ ನುಂಗುತ್ತದೆ. ಅವರಲ್ಲಿ ಪಟ್ಟಿ ಇಲ್ಲದೆ ಮಾಡುವುದೇ ನನಗೆ ಸುಲಭ.

ಈಗ ನನ್ನ ಕ್ರಮ ಹೀಗಿದೆ. ಪಟ್ಟಿ ಕಟ್ಟಿರುತ್ತೇನೆ, ಶುರುವಿನಲ್ಲಿ ಗಾಳಿ ತುಂಬುವುದಿಲ್ಲ. ಅಡಿಯಲ್ಲಿ ದಪ್ಪಗೆ ಹತ್ತಿ. ಕಾಲು ಒರೆಸುವ ಔಷಧಿ ಅದರೊಳಗೆ ಇಳಿಯದಂತೆ ಅಂಚು ಮುಚ್ಚಿಸುತ್ತೇನೆ. ಇಳಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಚರ್ಮ ಕೊಯ್ಯುವ ಮೊದಲೇ ಆ್ಯಂಟಿಬಯೋಟಿಕ್ ಹೋಗಿರಬೇಕು. ರಕ್ತ ಸೋರುವುದು ಕಡಿಮೆಯಾಗಲು 1 ಗ್ರಾಂ ಟ್ರಾನೆಕ್ಸಾಮಿಕ್ ಆ್ಯಸಿಡ್ ಕೂಡ. ಅರಿವಳಿಕೆ ವೈದ್ಯರು ಬಿಪಿ ಏರದಂತೆ ನೋಡಿಕೊಳ್ಳುತ್ತಾರೆ. ಅವರ ಸಹಕಾರ ಇಲ್ಲದೆ ಈ ಕ್ರಮ ನಡೆಯುವುದಿಲ್ಲ. ಆಮೇಲೆ ಕೆಲಸ ತಾಳ್ಮೆಯದ್ದು. ಹೊರಮಗ್ಗುಲಿನ ಮೆನಿಸ್ಕಸ್ (ಕೀಲಿನ ನಡುವಿನ ಮೆತ್ತೆ) ತೆಗೆಯುವಾಗ ಒಂದು ರಕ್ತನಾಳ, ಕ್ರೂಸಿಯೇಟ್ ಲಿಗಮೆಂಟ್ (ಕೀಲಿನ ಒಳಗೆ ಮೂಳೆಗಳನ್ನು ಹಿಡಿದಿಡುವ ನಾರು) ಹತ್ತಿರ ಇನ್ನೊಂದು ಸೋರುತ್ತವೆ ಅಂತ ಗೊತ್ತೇ ಇರುತ್ತದೆ. ಕಂಡಲ್ಲೇ ಸುಟ್ಟು ನಿಲ್ಲಿಸುತ್ತೇನೆ. ಕೊನೆವರೆಗೂ ಪಟ್ಟಿ ಬಿಗಿಯಾಗಿದ್ದರೆ ಇವು ಕಾಣುವುದೇ ಇಲ್ಲ. ಹೊಲಿಗೆ ಹಾಕಿದ ಮೇಲೆ ಒಳಗೇ ಸೋರುತ್ತವೆ, ಮಂಡಿ ಊದಿಕೊಳ್ಳುತ್ತದೆ.

ಕೃತಕ ಕೀಲನ್ನು ಮೂಳೆಗೆ ಕೂರಿಸುವ ಸಿಮೆಂಟ್ ಹಾಕುವ ಹೊತ್ತಿಗೆ ಮಾತ್ರ ಗಾಳಿ ತುಂಬಿಸುತ್ತೇನೆ. ಮೂಳೆಯನ್ನು ಸಲೈನ್‌ನಿಂದ ಜೋರಾಗಿ ತೊಳೆದು ಒಣಗಿಸಿದರೆ ಸಿಮೆಂಟ್ ಅದರ ರಂಧ್ರಗಳಿಗೆ ಚೆನ್ನಾಗಿ ಇಳಿಯುತ್ತದೆ. ಅದು ಗಟ್ಟಿಯಾದ ತಕ್ಷಣ ಗಾಳಿ ಬಿಟ್ಟು, ಸೋರುವ ಜಾಗ ಮತ್ತೊಮ್ಮೆ ಹುಡುಕಿ, ಹೊಲಿಗೆ. ಒತ್ತಡದ ವಿಷಯದಲ್ಲೂ ಎಲ್ಲರಿಗೂ 300 (ಬಿಪಿ ಅಳೆಯುವ ಅದೇ ಮಾನದಲ್ಲಿ, ಎಂಎಂ ಎಚ್‌ಜಿ) ಅಂತ ಇಡುವ ರೂಢಿ ನನಗೆ ಒಪ್ಪಿಗೆಯಿಲ್ಲ. ಆಪರೇಷನ್‌ಗೆ ಮೊದಲೇ ಕಾಲ್ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ ಗಾಳಿಯನ್ನು ನಿಧಾನಕ್ಕೆ ಏರಿಸಿ ನೋಡುತ್ತೇನೆ. ಪರದೆಯ ಮೇಲಿನ ನಾಡಿಯ ಅಲೆ ಯಾವ ಒತ್ತಡದಲ್ಲಿ ಮಾಯವಾಯಿತೋ ಅದಕ್ಕೆ 40ರಿಂದ 80 ಸೇರಿಸಿದರೆ ಸಾಕು. ಬಿಪಿ ಹಿಡಿತದಲ್ಲಿದ್ದವರಿಗೆ ಬಹಳ ಸಲ 300 ಬೇಕಾಗುವುದೇ ಇಲ್ಲ.

2020ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆ ಈ ವಿಷಯದ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಟೂರ್ನಿಕೆ ಕಟ್ಟಿದವರಿಗೆ ಮೊದಲ ದಿನ ನೋವು ಜಾಸ್ತಿ, ಗಂಭೀರ ತೊಂದರೆಗಳೂ ಜಾಸ್ತಿ ಅಂತ ಅದರಲ್ಲಿ ಕಂಡುಬಂತು. ನನ್ನ ವಾರ್ಡಿನಲ್ಲಿ ನೋವಿನ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಸಂಜೆ “ಅಮ್ಮಾ, ಕಾಲು ನೇರ ಇಟ್ಟು ಮೇಲಕ್ಕೆತ್ತಿ” ಅಂದರೆ ಎತ್ತುವವರು ಈಗ ಜಾಸ್ತಿ. ಅದೇ ದಿನ ವಾಕರ್ ಹಿಡಿದು ನಿಲ್ಲುತ್ತಾರೆ. ನೋವಿಗೆ ಅಡಕ್ಟರ್ ಕೆನಾಲ್ ಬ್ಲಾಕ್ (ತೊಡೆಯ ಒಳಬದಿಯಲ್ಲಿ ನರ ಮರಗಟ್ಟಿಸುವ ಇಂಜೆಕ್ಷನ್) ಕೊಡಿಸುತ್ತೇನೆ. ತೊಡೆಯ ಶಕ್ತಿ ಅದರಿಂದ ಅಷ್ಟಾಗಿ ಕುಗ್ಗುವುದಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಈ ಲಾಭವೆಲ್ಲ ಮೊದಲ ವಾರಗಳದ್ದು. ಆರು ತಿಂಗಳ ಹೊತ್ತಿಗೆ ಪಟ್ಟಿ ಕಟ್ಟಿಸಿಕೊಂಡವರೂ ಕಟ್ಟಿಸಿಕೊಳ್ಳದವರೂ ಹೆಚ್ಚುಕಡಿಮೆ ಒಂದೇ ತರಹ ನಡೆಯುತ್ತಾರೆ. ಆದರೂ ಎಪ್ಪತ್ತು ದಾಟಿದವರಿಗೆ ಆ ಮೊದಲ ವಾರಗಳು ಸಣ್ಣ ವಿಷಯವಲ್ಲ. ನೋವಿಗೆ ಹೆದರಿ ಹಾಸಿಗೆ ಹಿಡಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದ್ದೇ ಇದೆ.

ಮನೆಯವರು ಪ್ರೀತಿಯಿಂದ ಮಂಡಿಯ ಅಡಿಗೆ ದಿಂಬು ಇಡುತ್ತಾರೆ. ದಯವಿಟ್ಟು ಬೇಡ. ಮಂಡಿ ಬಾಗಿದಂತೆಯೇ ಉಳಿದು, ಕಾಲು ಪೂರ್ತಿ ನೇರವಾಗುವುದಿಲ್ಲ. ಇಡಲೇಬೇಕಿದ್ದರೆ ಹಿಮ್ಮಡಿಯ ಅಡಿಗೆ ಇಡಿ. ಪಾದ ಮೇಲೆ ಕೆಳಗೆ ಆಡಿಸುತ್ತಿರಲಿ. ಮಂಡಿಗೆ ಐಸ್ ಇಡಿ. ಮೀನಖಂಡ ಊದಿ ನೋಯತೊಡಗಿದರೆ ಅವತ್ತೇ ಕರೆದುಕೊಂಡು ಬನ್ನಿ. ಕೂತು ಹೋಗುವ ಪಾಯಿಖಾನೆ ಇರುವ ಮನೆಗಳಲ್ಲಿ ಕಮೋಡ್ ಕುರ್ಚಿಯನ್ನು ಮೊದಲೇ ತಂದಿಟ್ಟುಕೊಂಡರೆ ಒಳ್ಳೆಯದು.

ಆಪರೇಷನ್‌ಗೆ ಮೊದಲು ಹಿಮೋಗ್ಲೋಬಿನ್ ಸರಿಪಡಿಸಿಕೊಳ್ಳುವುದು ಬಹಳ ಮುಖ್ಯ. ನಮ್ಮಲ್ಲಿಗೆ ಬರುವ ಎಷ್ಟೋ ಹೆಂಗಸರಿಗೆ ರಕ್ತ ಕಡಿಮೆ. ಪಟ್ಟಿ ಬಿಗಿ ಮಾಡದಿದ್ದರೆ ಟೇಬಲ್ ಮೇಲೆ ಸ್ವಲ್ಪ ಜಾಸ್ತಿಯೇ ಸೋರುತ್ತದೆ.

ಕೆಲವರಿಗೆ ನಾನು ಸಿಮೆಂಟ್ ಹಾಕುವಾಗಲೂ ಗಾಳಿ ತುಂಬಿಸುವುದಿಲ್ಲ. ಕಾಲಿನ ರಕ್ತನಾಳಕ್ಕೆ ಬೈಪಾಸ್ ಆದವರು, ಎಕ್ಸ್‌-ರೇಯಲ್ಲಿ ಮಂಡಿ ಹಿಂದಿನ ರಕ್ತನಾಳ ಸುಣ್ಣಗಟ್ಟಿ ಬೆಳ್ಳಗೆ ಕಾಣುವವರು. ತುಂಬಾ ವರ್ಷ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಬೀಡಿ ಸೇದುವವರಲ್ಲಿ ಪಾದದ ನಾಡಿ ಕೈಗೆ ಸಿಗದಿದ್ದರೆ ಮೊದಲು ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ ರಕ್ತನಾಳ ತಜ್ಞರಿಗೆ ತೋರಿಸುತ್ತೇನೆ. ಅವರು ಒಪ್ಪಿದ ಮೇಲೆಯೇ ಮಂಡಿ ಆಪರೇಷನ್‌ಗೆ ದಿನ ಕೊಡುತ್ತೇನೆ.