ಕ್ಯಾಬಿನ್ ಎತ್ತದೇ ಟ್ರಕ್ಕಿನ ಡೀಸೆಲ್ ಇಂಜಿನ್ ಇಳಿಸೋದು ಹೇಗೆ

ಮೂತಿ ಇರೋ ದೊಡ್ಡ ಪಿಕಪ್ ಟ್ರಕ್ಕುಗಳಲ್ಲಿ ಡೀಸೆಲ್ ಇಂಜಿನ್ ಕೆಲಸ ಬಂತು ಅಂದ್ರೆ ಎಲ್ಲರೂ ಹೇಳೋದು ಒಂದೇ ಮಾತು, ಕ್ಯಾಬಿನ್ ಎತ್ತಿಬಿಡಿ ಅಂತ. ಎರಡು ಕಂಬದ ಲಿಫ್ಟ್ ಇರೋರಿಗೆ ಅದು ಸರಿ. ಕ್ಯಾಬಿನ್ನಿನ ಬೋಲ್ಟು, ಸ್ಟೇರಿಂಗ್ ಜಾಯಿಂಟು, ಬ್ರೇಕ್ ಪೈಪು, ವೈರು ಬಿಚ್ಚಿ ಮೇಲೆತ್ತಿದ್ರೆ ಇಂಜಿನ್ ಪೂರ್ತಿ ಬಯಲಿಗೆ ಬಂದುಬಿಡುತ್ತೆ. ಲಿಫ್ಟ್ ಇಲ್ಲದೋರು, ಬರೀ ಗಟ್ಟಿ ನೆಲ ಮತ್ತೆ ಒಂದು ಇಂಜಿನ್ ಕ್ರೇನ್ ಇರೋರು ಏನ್ಮಾಡ್ಬೇಕು? ಮುಂದಿನಿಂದ ಇಳಿಸಬಹುದು, ಚೆನ್ನಾಗೇ ಇಳಿಸಬಹುದು. ಆದ್ರೆ ಜನ ಇದರಲ್ಲಿ ಎಡವೋದು ಪ್ರತಿ ಸಲ ಒಂದೇ ಜಾಗದಲ್ಲಿ, ಇಂಜಿನ್ನಿನ ಹಿಂಭಾಗದಲ್ಲಿ. ಮುಂದಿನ ಕೆಲಸಾನೆಲ್ಲ ಹಬ್ಬದ ಉತ್ಸಾಹದಲ್ಲಿ ಮುಗಿಸಿ, ಹಿಂದೆ ಒಂದು ಬೋಲ್ಟೋ ಅರ್ಥ್ ವೈರೋ ಉಳಿದಿರೋದನ್ನ ನೋಡದೇ ಕ್ರೇನ್ ಪಂಪ್ ಹೊಡಿಯೋಕೆ ಶುರು ಮಾಡ್ತಾರೆ.

ಮೊದಲು ಒಂದು ವಿಷಯ. ಬರೀ ಹೆಡ್ ಗ್ಯಾಸ್ಕೆಟ್ ಕೆಲಸ ಆದ್ರೆ ಇಂಜಿನ್ ಇಳಿಸೋ ಗೋಜಿಗೇ ಹೋಗ್ಬೇಡಿ. 2003ರಿಂದ 2007ರವರೆಗಿನ ಫೋರ್ಡ್ ಸೂಪರ್ ಡ್ಯೂಟಿಯಲ್ಲಿ ಬರ್ತಿದ್ದ 6.0 ಲೀಟರಿನ ಪವರ್ ಸ್ಟ್ರೋಕ್ ವಿ8 ತಗೊಳ್ಳಿ, ಸೊಂಟ ಹೋಗುತ್ತೆ ನಿಜ, ಆದ್ರೂ ಇಂಜಿನ್ ಗಾಡಿಯಲ್ಲೇ ಇದ್ದು ಹೆಡ್ ತೆಗೀಬಹುದು. ಕ್ರ್ಯಾಂಕು, ಬೇರಿಂಗು, ಪಿಸ್ಟನ್, ಬ್ಲಾಕ್ ಕೆಲಸ ಇದ್ರೆ ಮಾತ್ರ ಮುಂದೆ ಓದಿ.

ತಯಾರಿ

ಗಾಡಿ ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ ಇರಬೇಕು, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಟ್ಟೆ ಕೊಡಿ. ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿ ಇರುತ್ವೆ, ಒಂದರ ನೆಗೆಟಿವ್ ಬಿಚ್ಚಿ ಆಯ್ತು ಅನ್ಕೋಬೇಡಿ, ಎರಡನ್ನೂ ಬಿಚ್ಚಿ. ಬಾನೆಟ್ ತೆಗೀರಿ, ಆಯಿಲ್ ಇಳಿಸಿ, ಕೂಲೆಂಟ್ ಇಳಿಸಿ. ಕೂಲೆಂಟ್ ಬಕೆಟ್ಟನ್ನ ಮುಚ್ಚಿಡಿ, ಅದು ಸಿಹಿ ಇರೋದ್ರಿಂದ ನಾಯಿ ನೆಕ್ಕುತ್ತೆ, ನೆಕ್ಕಿದ್ರೆ ಉಳಿಯೋದು ಕಷ್ಟ.

ತುಕ್ಕು ಹಿಡಿದ ಎಕ್ಸಾಸ್ಟ್ ಮತ್ತು ಟರ್ಬೋ ಬೋಲ್ಟುಗಳಿಗೆ ಹಿಂದಿನ ರಾತ್ರಿನೇ ತುಕ್ಕು ಬಿಡಿಸೋ ಎಣ್ಣೆ ಹೊಡೆದಿಡಿ. ಎಲ್ಲ ಅಂಗಡೀಲೂ ಸಿಗೋ, ತೇವ ಓಡಿಸೋಕೆ ಅಂತ ಇರೋ ಸ್ಪ್ರೇ ಇದಕ್ಕಾಗಲ್ಲ, ವಾಸನೆ ಬಿಟ್ರೆ ಬೇರೇನೂ ಬರಲ್ಲ. ಆಟೋ ಗೇರ್‌ಬಾಕ್ಸ್ ಆಯಿಲ್ ಮತ್ತೆ ಅಸಿಟೋನ್ ಅರ್ಧಕ್ಕರ್ಧ ಬೆರೆಸಿ ಹಾಕೋದು ಹಳೇ ಗ್ಯಾರೇಜ್ ವಿದ್ಯೆ, ಕೆಲಸ ಮಾಡುತ್ತೆ, ಆದ್ರೆ ಅದು ಹಾಕಿದ ಜಾಗಕ್ಕೆ ಗ್ಯಾಸ್ ಬೆಂಕಿ ಹಿಡೀಬೇಡಿ.

ಮುಂಭಾಗ ಪೂರ್ತಿ ಬಿಚ್ಚಿ, ಅರ್ಧ ಅಲ್ಲ

ಗ್ರಿಲ್, ಬಂಪರ್, ರೇಡಿಯೇಟರ್, ಇಂಟರ್‌ಕೂಲರ್, ಫ್ಯಾನು, ಶ್ರೌಡು, ಇವೆಲ್ಲ ಹಿಡಿದು ನಿಲ್ಲಿಸಿರೋ ಮುಂದಿನ ಫ್ರೇಮು, ಎಲ್ಲಾನೂ ತೆಗೀರಿ. ರೇಡಿಯೇಟರ್ ತೆಗೆದು ಆ ಫ್ರೇಮನ್ನ ಹಾಗೇ ಬಿಟ್ಟು ಅದರ ಮೇಲಿಂದ ಇಂಜಿನ್ ಹಾರಿಸ್ತೀನಿ ಅನ್ನೋರಿದ್ದಾರೆ, ಒಂದು ಗಂಟೆ ಉಳೀತು ಅಂತ ಖುಷಿ ಪಡ್ತಾರೆ. ಅದ್ಯಾಕೆ ತಪ್ಪು ಅಂದ್ರೆ ಕ್ರೇನಿನ ಲೆಕ್ಕ. 2 ಟನ್ ಅಂತ ಬರೆದಿರೋ ಮಡಚೋ ಕ್ರೇನು 2 ಟನ್ ಎತ್ತೋದು ಅದರ ಕೈ ಪೂರ್ತಿ ಒಳಗಿದ್ದಾಗ ಮಾತ್ರ. ತುದಿ ತೂತಿಗೆ ಎಳೆದಾಗ ಸಾಮಾನ್ಯವಾಗಿ ಅದೇ ಕ್ರೇನಿನ ಮಿತಿ ಅರ್ಧ ಟನ್ನಿಗೆ ಇಳಿಯುತ್ತೆ, ಕೈ ಮೇಲೇನೇ ಒಂದೊಂದು ತೂತಿನ ಪಕ್ಕ ಬರೆದಿರ್ತಾರೆ, ಓದಿ. ಎಲ್ಲ ಸಾಮಾನು ಹೊತ್ತಿರೋ ಇಂಥ ಡೀಸೆಲ್ ಇಂಜಿನ್ ಹತ್ತತ್ರ ಅಷ್ಟೇ ತೂಗುತ್ತೆ, ಕಮಿನ್ಸ್ ಕಂಪನಿಯ 5.9 ಲೀಟರಿನ ಇಂಜಿನ್ ಆದ್ರಂತೂ ಆಯಿಲ್, ಕೂಲೆಂಟ್ ಇಲ್ಲದೇ ಒಣಗಿದ್ದಾಗಲೇ 500 ಕೆ.ಜಿ. ಅಂಚಿನಲ್ಲಿದೆ. ಮುಂಭಾಗ ಬಯಲಾದಷ್ಟೂ ಕ್ರೇನು ಹತ್ತಿರ ಬರುತ್ತೆ, ಕೈ ಗಿಡ್ಡ ಸಾಕಾಗುತ್ತೆ. ಎತ್ತೋ ಎತ್ತರಾನೂ ಕಮ್ಮಿ ಆಗುತ್ತೆ. ಕ್ರೇನಿನ ಕಾಲು ಗಾಡಿ ಕೆಳಗೆ ಆಕ್ಸಲ್ಲಿಗೆ ತಾಗದೇ ಹೋಗುತ್ತಾ ಅನ್ನೋದನ್ನ ಈಗಲೇ ತಳ್ಳಿ ನೋಡ್ಕೊಳ್ಳಿ, ಎಲ್ಲ ಬಿಚ್ಚಿದ ಮೇಲೆ ಅಲ್ಲ.

ಏಸಿ ಇದ್ರೆ ಕಂಡೆನ್ಸರನ್ನ ಪೈಪು ಬಿಚ್ಚದೇ ಪಕ್ಕಕ್ಕೆ ಮಲಗಿಸೋಕಾಗುತ್ತಾ ನೋಡಿ. ಕಂಪ್ರೆಸರ್ ಕೂಡ ಹಾಗೇ, ಬ್ರಾಕೆಟ್ಟಿಂದ ಬಿಡಿಸಿ ಪಕ್ಕಕ್ಕೆ ಕಟ್ಟಿ. ಆಗಲ್ಲ ಅಂದ್ರೆ ಗ್ಯಾಸನ್ನ ಮೆಷಿನ್ನಿಂದ ಎಳೆಸಿಬಿಡಿ, ಪೈಪು ಸಡಿಲ ಮಾಡಿ ಗಾಳಿಗೆ ಬಿಡೋದು ಬೇಡ, ಕಣ್ಣಿಗೆ ಕೈಗೆ ತಾಗಿದ್ರೆ ಸುಟ್ಟ ಹಾಗಾಗುತ್ತೆ, ಎಷ್ಟೋ ಕಡೆ ಕಾನೂನಿಗೂ ವಿರುದ್ಧ. ಪವರ್ ಸ್ಟೇರಿಂಗ್ ಪಂಪನ್ನ ಹೋಸ್ ಸಮೇತ ತಂತಿ ಕಟ್ಟಿ ಪಕ್ಕಕ್ಕಿಡಿ.

ವೈರು ಮತ್ತು ಬಾಯಿಗಳು

ಪ್ರತಿ ಕನೆಕ್ಟರ್ ಬಿಚ್ಚೋ ಮುಂಚೆ ಫೋಟೋ, ಬಿಚ್ಚಿದ ಮೇಲೆ ಮಾಸ್ಕಿಂಗ್ ಟೇಪು, ಅದರ ಮೇಲೆ ಪರ್ಮನೆಂಟ್ ಮಾರ್ಕರಲ್ಲಿ ಹೆಸರು. ಬಾಲ್‌ಪೆನ್ನಲ್ಲಿ ಬರೆದ್ರೆ ಎಣ್ಣೆ ಕೈ ತಾಗಿ ಅಳಿಸಿ ಹೋಗುತ್ತೆ. ನನ್ನ ಮಾತು ಕೇಳೋದಾದ್ರೆ ಇಂಜಿನ್ನಿಗೂ ಕ್ಯಾಬಿನ್ನಿಗೂ ಮಧ್ಯೆ ಇರೋ ತಗಡಿನ ಗೋಡೆ, ಅಂದ್ರೆ ಫೈರ್‌ವಾಲ್ ಹತ್ರ ಇರೋ ದೊಡ್ಡ ಕನೆಕ್ಟರ್‌ಗಳನ್ನ ಬಿಡಿಸಿ ವೈರಿಂಗನ್ನ ಆದಷ್ಟೂ ಇಂಜಿನ್ ಜೊತೆಗೇ ಕಳಿಸಿ. ಬಿಸಿಗೆ ಒಣಗಿರೋ ಹಳೇ ಪ್ಲಾಸ್ಟಿಕ್ ಲಾಕುಗಳನ್ನ ಬಗ್ಗಿಕೊಂಡು ಒಂದೊಂದಾಗಿ ಮೀಟಿದ್ರೆ ಅರ್ಧಕ್ಕರ್ಧ ಮುರೀತವೆ, ಹೊರಗೆ ಬಂದ ಮೇಲೆ ಸ್ಟ್ಯಾಂಡ್ ಮೇಲಿಟ್ಟು ನೆಮ್ಮದಿಯಾಗಿ ಬಿಡಿಸ್ಕೋಬಹುದು.

ಡೀಸೆಲ್ ಲೈನು, ಟರ್ಬೋ ಬಾಯಿ, ಇಂಟರ್‌ಕೂಲರ್ ಪೈಪು, ತೆರೆದ ಪ್ರತಿಯೊಂದಕ್ಕೂ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಬಟ್ಟೆ ತುರುಕಬೇಡಿ. ಬಟ್ಟೆ ತುರುಕಿದ್ದು ಮರೆತು ಇಂಜಿನ್ ಸ್ಟಾರ್ಟ್ ಮಾಡಿದ್ರೆ ಅದು ಸೀದಾ ಟರ್ಬೋ ಒಳಗೆ. ಡೀಸೆಲ್ ಲೈನಿಗೆ ಬಿದ್ದ ಮರಳಿನ ಒಂದು ಕಾಳು ಒಂದು ಇಂಜೆಕ್ಟರನ್ನೇ ತಿಂದುಹಾಕುತ್ತೆ.

ಟರ್ಬೋ ಮೊದಲು

6.0ನಲ್ಲಿ ಟರ್ಬೋ ಕೂತಿರೋದು ಇಂಜಿನ್ ಮೇಲೆ ಹಿಂದುಗಡೆ, ಫೈರ್‌ವಾಲಿಗೆ ಅಂಟಿಕೊಂಡ ಹಾಗೆ. ಇದನ್ನ ತೆಗೀದೇ ಇಂಜಿನ್ನನ್ನ ಓರೆ ಮಾಡೋಕೇ ಆಗಲ್ಲ, ಓರೆ ಮಾಡದೇ ಹಿಂದಿನ ಬೋಲ್ಟು ಸಿಗಲ್ಲ. ಮೇಲಿನ ಕ್ಲಾಂಪು, ಎಕ್ಸಾಸ್ಟ್ ಪೈಪು, ಆಯಿಲ್ ಲೈನು, ಕೂತಿರೋ ಬೋಲ್ಟು, ಎತ್ತಿ ಹೊರಗಿಡಿ. ಇನ್‌ಟೇಕ್ ಮ್ಯಾನಿಫೋಲ್ಡ್ ಕೂಡ ತೆಗೆದ್ರೆ ಕೈ ಆಡೋಕೆ ಜಾಗ ಆಗುತ್ತೆ, ನಾನು ತೆಗೆದೇ ತೆಗೀತೀನಿ.

ಈಗ ಅಸಲಿ ಕೆಲಸ

ಇಂಜಿನ್ನಿನ ಹಿಂಭಾಗ ವಿಂಡ್‌ಶೀಲ್ಡ್ ಕೆಳಗಿನ ತಗಡಿನ ಅಡಿಗೆ ಹೊಕ್ಕಿರುತ್ತೆ. ಬೆಲ್ ಹೌಸಿಂಗಿನ (ಇಂಜಿನ್ನಿಗೆ ಬಂದು ಸೇರೋ ಗೇರ್‌ಬಾಕ್ಸಿನ ಮುಂದಿನ ಗಂಟೆಯಾಕಾರದ ಭಾಗ) ಮೇಲಿನ ಬೋಲ್ಟುಗಳು ಮೇಲಿಂದ ಕಾಣೋದೂ ಇಲ್ಲ, ಕೈಗೆ ಸಿಗೋದೂ ಇಲ್ಲ. ಅವನ್ನ ಕೆಳಗಿನಿಂದ, ಗೇರ್‌ಬಾಕ್ಸಿನ ಮೇಲೆ ಹಾಯಿಸಿ ಬಿಚ್ಚಬೇಕು.

ಹೀಗೆ ಮಾಡಿ. ಗೇರ್‌ಬಾಕ್ಸ್ ಕೆಳಗೆ ಗೇರ್‌ಬಾಕ್ಸ್ ಜಾಕ್ ಕೊಟ್ಟು ಬೆಲ್ಟ್ ಬಿಗೀರಿ, ಹಿಂದಿನ ಪ್ರಾಪೆಲರ್ ಶಾಫ್ಟ್ ಬಿಚ್ಚಿ, ಗೇರ್‌ಬಾಕ್ಸ್ ಹೊತ್ತಿರೋ ಹಿಂದಿನ ಅಡ್ಡ ತೊಲೆ, ಅಂದ್ರೆ ಕ್ರಾಸ್‌ಮೆಂಬರ್ ತೆಗೀರಿ. ಈಗ ಜಾಕನ್ನ ನಿಧಾನಕ್ಕೆ ಇಳಿಸಿದ್ರೆ ಗೇರ್‌ಬಾಕ್ಸಿನ ಬಾಲ ಇಳಿದು ಇಂಜಿನ್ ಹಿಂದಕ್ಕೆ ಓರೆಯಾಗುತ್ತೆ, ಮೇಲೆ ಸಂದು ಬಿಡುತ್ತೆ. ಒಬ್ಬರು ಇಳಿಸಬೇಕು, ಇನ್ನೊಬ್ಬರು ಟಾರ್ಚ್ ಹಿಡಿದು ಫೈರ್‌ವಾಲ್ ಹತ್ರ ಏನು ತಾಗ್ತಿದೆ, ಗೇರ್‌ಬಾಕ್ಸ್ ಕೂಲರ್ ಪೈಪು ಎಳೀತಿದೆಯಾ ಅಂತ ನೋಡ್ತಿರಬೇಕು. ತಾಗಿದ ಕೂಡ್ಲೆ ನಿಲ್ಲಿಸಿ. ಈಗ ರ‍್ಯಾಚೆಟ್ಟಿಗೆ ಎಕ್ಸ್‌ಟೆನ್ಷನ್ ಮೇಲೆ ಎಕ್ಸ್‌ಟೆನ್ಷನ್ ಸೇರಿಸಿ, ಒಟ್ಟು ಮುಕ್ಕಾಲು ಮೀಟರಿಗೆ ಕಮ್ಮಿ ಬೇಡ, ತುದಿಗೆ ತಿರುಗೋ ಜಾಯಿಂಟು, ಆಮೇಲೆ ಆರು ಮೂಲೆ ಸಾಕೆಟ್. ಹನ್ನೆರಡು ಮೂಲೆಯ ಸಾಕೆಟ್ ಇಲ್ಲಿ ಬೇಡ, ಓರೆಯಲ್ಲಿ ಹಿಡಿದಾಗ ಬೋಲ್ಟಿನ ತಲೆ ಉಂಡೆ ಮಾಡಿಬಿಡುತ್ತೆ. ಜಾಯಿಂಟಿಗೆ ಒಂದು ಸುತ್ತು ಟೇಪ್ ಸುತ್ತಿ, ಇಲ್ಲಾಂದ್ರೆ ಅದು ಜೋಲು ಬಿದ್ದು ಬೋಲ್ಟಿನ ಮೇಲೆ ಕೂರೋದೇ ಇಲ್ಲ. ಮೇಲಿನ ಬೋಲ್ಟು ಬಿಚ್ಚಿ ಆದ ಮೇಲೆ ಗೇರ್‌ಬಾಕ್ಸನ್ನ ಮತ್ತೆ ಮೊದಲಿನ ಎತ್ತರಕ್ಕೆ ಎತ್ತಿ. ಪಕ್ಕದ ಎರಡು ಬೋಲ್ಟು ಮಾತ್ರ ಕೊನೆವರೆಗೂ ಸಡಿಲವಾಗಿ ಇರಲಿ.

ಇದಕ್ಕಿಂತ ದುಬಾರಿ ತಪ್ಪು ಆಗೋದು ಟಾರ್ಕ್ ಕನ್ವರ್ಟರ್ ವಿಷಯದಲ್ಲಿ, ಅಂದ್ರೆ ಕ್ಲಚ್ ಬದಲಿಗೆ ಇಂಜಿನ್ನಿನ ಶಕ್ತಿಯನ್ನ ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸೋ ದುಂಡು ಡಬ್ಬಿ. ಆಟೋ ಗೇರ್‌ಬಾಕ್ಸ್ ಇರೋ ಗಾಡಿಯಲ್ಲಿ ಬೆಲ್ ಹೌಸಿಂಗ್ ಬೋಲ್ಟು ಎಲ್ಲ ಬಿಚ್ಚಿದ್ರೂ ಕನ್ವರ್ಟರ್ ಫ್ಲೆಕ್ಸ್ ಪ್ಲೇಟಿಗೆ, ಅಂದ್ರೆ ಕ್ರ್ಯಾಂಕಿನ ಹಿಂದಿನ ತುದಿಯಲ್ಲಿರೋ ತೆಳು ತಟ್ಟೆಗೆ, ಕಚ್ಚಿಕೊಂಡೇ ಇರುತ್ತೆ. ಅದರ ನಟ್ಟುಗಳನ್ನ ಬೆಲ್ ಹೌಸಿಂಗಿನ ಕೆಳಗಿನ ಕಿಟಕಿಯಿಂದ ಅಥವಾ ಸ್ಟಾರ್ಟರ್ ತೆಗೆದ ತೂತಿನಿಂದ ಒಂದೊಂದಾಗಿ ಬಿಚ್ಚಬೇಕು, ಒಂದು ಬಿಚ್ಚಿ, ಇಂಜಿನ್ ತಿರುಗಿಸಿ, ಮುಂದಿನದು ಕಿಟಕಿಗೆ ಬಂದಾಗ ಅದನ್ನ ಬಿಚ್ಚಿ. ತಿರುಗಿಸೋದು ಯಾವಾಗ್ಲೂ ಇಂಜಿನ್ ಓಡೋ ದಿಕ್ಕಿಗೇ. ಮೊದಲೇ ಕನ್ವರ್ಟರಿಗೂ ಫ್ಲೆಕ್ಸ್ ಪ್ಲೇಟಿಗೂ ಸೇರಿಸಿ ಒಂದು ಪೇಂಟ್ ಗೆರೆ ಎಳೆದಿಡಿ.

ಎಲ್ಲಾ ನಟ್ಟು ಬಿಚ್ಚಿದ ಮೇಲೆ ಕಿಟಕಿಯಿಂದ ಸ್ಕ್ರೂಡ್ರೈವರ್ ಹಾಕಿ ಕನ್ವರ್ಟರನ್ನ ಗೇರ್‌ಬಾಕ್ಸ್ ಕಡೆ ಮೆಲ್ಲಗೆ ಒತ್ತಿ. ಕೆಲವು ಮಿಲಿಮೀಟರ್ ಹಿಂದೆ ಸರಿದು ಕೈಗೆ ಸುಲಭವಾಗಿ ತಿರುಗಬೇಕು. ಸರೀದೇ ಇದ್ರೆ ತುಕ್ಕಲ್ಲಿ ಅಂಟಿದೆ ಅಂತ ಅರ್ಥ, ಎಣ್ಣೆ ಹಾಕಿ ಕಾಯಿರಿ. ಹಾಗೇ ಇಂಜಿನ್ ಎಳೆದ್ರೆ ಕನ್ವರ್ಟರ್ ಗೇರ್‌ಬಾಕ್ಸಿನ ಪಂಪಿಂದ ಕಿತ್ತು ಇಂಜಿನ್ ಜೊತೆ ಬರುತ್ತೆ, ಆಯಿಲೆಲ್ಲ ನೆಲಕ್ಕೆ, ಸೀಲು ಹರಿದು ಹೋಗುತ್ತೆ. ಅದಕ್ಕಿಂತ ಕೆಟ್ಟದ್ದು ವಾಪಸ್ ಜೋಡಿಸುವಾಗ. ಕನ್ವರ್ಟರನ್ನ ಪಂಪಿನೊಳಗೆ ಪೂರ್ತಿ ಕೂರಿಸದೇ ಇಂಜಿನ್ ತಂದು ಮುಟ್ಟಿಸಿ, ಬೆಲ್ ಹೌಸಿಂಗ್ ಸೇರ್ತಿಲ್ಲ ಅಂತ ಬೋಲ್ಟ್ ಬಿಗಿದು ಎಳೀತಾರೆ. ಸೇರುತ್ತೆ, ಆದ್ರೆ ಒಳಗೆ ಪಂಪು ಒಡೆದಿರುತ್ತೆ. ಗೇರ್‌ಬಾಕ್ಸ್ ಚೆನ್ನಾಗಿದ್ದ ಗಾಡಿಗೆ ಇಂಜಿನ್ ಕೆಲಸ ಆದ ಮೇಲೆ ಗೇರ್‌ಬಾಕ್ಸ್ ಕೆಲಸಾನೂ ಬರೋದು ಹೀಗೇ. ಬೋಲ್ಟು ಹಾಕೋ ಮುಂಚೆ ಎರಡು ಮುಖ ಕೈಯಲ್ಲೇ ಸುತ್ತ ಸಮವಾಗಿ ಸೇರಬೇಕು, ಸೇರಿದ ಮೇಲೂ ಕನ್ವರ್ಟರ್ ಒಳಗೆ ಆರಾಮಾಗಿ ತಿರುಗಬೇಕು, ಅಷ್ಟಾಗದೇ ಸ್ಪ್ಯಾನರ್ ಮುಟ್ಟಬೇಡಿ.

ಮ್ಯಾನ್ಯುಯಲ್ ಗೇರ್ ಆದ್ರೆ ಈ ಕಾಟ ಇಲ್ಲ. ಆದ್ರೆ ಇಂಜಿನ್ನಿನ ಭಾರ ಇನ್‌ಪುಟ್ ಶಾಫ್ಟಿನ ಮೇಲೆ ನೇತಾಡೋಕೆ ಬಿಡಬಾರದು, ಕ್ಲಚ್ ಪ್ಲೇಟಿನ ನಡು ಬಗ್ಗಿಹೋಗುತ್ತೆ.

ಎತ್ತೋದು

ಚೈನ್ ಕಟ್ಟೋಕೆ ಹೆಡ್ಡಿನಲ್ಲಿರೋ ಎತ್ತೋ ಕೊಕ್ಕೆಗಳೇ ಆಗಬೇಕು. ಕೊಕ್ಕೆ ಇಲ್ಲಾಂದ್ರೆ ಹೆಡ್ಡಿನ ದಪ್ಪ ತೂತಿಗೆ 10.9 ಗ್ರೇಡಿನ ಬೋಲ್ಟು, ಬೋಲ್ಟಿನ ದಪ್ಪದ ಒಂದೂವರೆ ಪಟ್ಟಾದ್ರೂ ಒಳಗೆ ಹೋಗಿರಬೇಕು, ದೊಡ್ಡ ವಾಷರ್ ಇರಬೇಕು. ವಾಲ್ವ್ ಕವರ್ ಬೋಲ್ಟಿಗೆ, ಮ್ಯಾನಿಫೋಲ್ಡಿಗೆ ಚೈನ್ ಸಿಕ್ಕಿಸೋದನ್ನ ಕಂಡ್ರೆ ಅಲ್ಲಿಂದ ದೂರ ಹೋಗಿ ನಿಂತ್ಕೊಳ್ಳಿ. ಚೈನ್ ಗಿಡ್ಡ ಇದ್ರೆ ಅಪಾಯ ಜಾಸ್ತಿ. 450 ಕೆ.ಜಿ. ಭಾರವನ್ನ ಎರಡು ಎಳೆ ನೆಲದಿಂದ 60 ಡಿಗ್ರಿ ಕೋನದಲ್ಲಿ ಹೊತ್ತಾಗ ಒಂದೊಂದರ ಮೇಲೆ ಸುಮಾರು 260 ಕೆ.ಜಿ. ಎಳೆತ ಬೀಳುತ್ತೆ, ಕೋನ 30 ಡಿಗ್ರಿಗೆ ಚಪ್ಪಟೆಯಾದ್ರೆ ಒಂದೊಂದರ ಮೇಲೂ ಪೂರ್ತಿ 450. ಬೋಲ್ಟನ್ನ ಅಡ್ಡಕ್ಕೆ ಬಗ್ಗಿಸೋದೂ ಅದೇ ಎಳೆತ.

ಲೆವೆಲರ್ ಬೇಕೇ ಬೇಕು, ಹಿಡಿ ತಿರುಗಿಸಿದ್ರೆ ಕೊಕ್ಕೆ ಹಿಂದೆ ಮುಂದೆ ಹೋಗೋ ಉಪಕರಣ. ತೀರಾ ಅಗ್ಗದ್ದು ತಗೋಬೇಡಿ, ಭಾರ ಬಿದ್ದಾಗ ಅದರ ಥ್ರೆಡ್ ಕಚ್ಚಿಕೊಂಡು ಹಿಡಿ ತಿರುಗೋದೇ ಇಲ್ಲ, ನಮಗೆ ಅದು ಬೇಕಾಗೋದೇ ಭಾರ ಬಿದ್ದಾಗ. ತಗೊಂಡಿದ್ದಕ್ಕೂ ಮೊದಲೇ ಗ್ರೀಸ್ ಹಚ್ಚಿ.

ಚೈನು ಬಿಗಿಯಾಗೋಷ್ಟು ಮಾತ್ರ ಎತ್ತಿ, ಇಂಜಿನ್ ಮೌಂಟ್ ಬೋಲ್ಟು ತೆಗೀರಿ, ಉಳಿಸಿದ್ದ ಎರಡು ಬೆಲ್ ಹೌಸಿಂಗ್ ಬೋಲ್ಟು ತೆಗೀರಿ. ಈಗ ಕ್ರೇನ್ ಬಿಟ್ಟು ಒಂದು ಸುತ್ತು ಹಾಕಿ. ಹೆಡ್ಡಿನ ಹಿಂದಿಂದ ಫೈರ್‌ವಾಲಿಗೆ ಹೋಗೋ ಹೆಣೆದ ತಾಮ್ರದ ಅರ್ಥ್ ಪಟ್ಟಿ ಬಿಚ್ಚಿದೀರಾ? ಎಲ್ಲರೂ ಮರೆಯೋದು ಅದನ್ನೇ, ಕಪ್ಪು ಮಸಿ ಹತ್ತಿ ಬಣ್ಣವೇ ಕಾಣಲ್ಲ, ಕೈ ಹಾಕಿ ತಡವಿ ನೋಡಬೇಕು. ಹೀಟರ್ ಹೋಸು, ಡಿಪ್‌ಸ್ಟಿಕ್ ಕೊಳವೆ, ಸ್ಟಾರ್ಟರ್ ವೈರು, ಎಕ್ಸಾಸ್ಟು?

ಬೆಲ್ ಹೌಸಿಂಗ್ ಇಂಜಿನ್ನಿಗೆ ಸರಿಯಾದ ಜಾಗದಲ್ಲಿ ಕೂರಿಸೋ ಪಿನ್ನುಗಳಲ್ಲಿ ಕಚ್ಚಿರುತ್ತೆ. ಎಡ ಬಲ ಎರಡು ಸಲಾಕೆ ಇಟ್ಟು ಒಂದೊಂದು ಸಲ ಒಂದೊಂದು ಕಡೆ ಸ್ವಲ್ಪ ಸ್ವಲ್ಪ ಮೀಟಿ. ಉಳಿ ಹೊಡೆದು ಸಂದು ಮಾಡೋಕೆ ಹೋದ್ರೆ ಅಲ್ಯೂಮಿನಿಯಂ ಮುಖ ಕಿತ್ತು ಬರುತ್ತೆ. ಕ್ರೇನ್ ಪಂಪ್ ಹೊಡೆದು ಮೇಲಕ್ಕೆ ಎಳೆದು ಬಿಡಿಸೋದಂತೂ ಕೂಡದು, ಬಿಟ್ಟಾಗ ಇಂಜಿನ್ ಉಯ್ಯಾಲೆ ಥರ ಎದುರಿಗೆ ಬರುತ್ತೆ. ಒಂದು ಸೆಂಟಿಮೀಟರ್ ಸಂದು ಬಿಟ್ಟ ಮೇಲೆ ಕನ್ವರ್ಟರ್ ಗೇರ್‌ಬಾಕ್ಸಲ್ಲೇ ಉಳಿದಿದೆ ಅಂತ ಟಾರ್ಚ್ ಹಾಕಿ ನೋಡಿ, ಆಮೇಲೆ ಸೀದಾ ಮುಂದಕ್ಕೆ ಎಳೀರಿ, ಮೇಲಕ್ಕಲ್ಲ. ತಗಡಿನ ಅಡಿಯಿಂದ ಪೂರ್ತಿ ಹೊರಬಂದ ಮೇಲೆ ಲೆವೆಲರ್ ತಿರುಗಿಸಿ ಮೂತಿ ಮೇಲೆ ಮಾಡಿ, ಆಯಿಲ್ ಪ್ಯಾನ್ ಮುಂದಿನ ಕ್ರಾಸ್‌ಮೆಂಬರಿಗೆ ತಾಗದ ಹಾಗೆ ಎರಡೆರಡು ಪಂಪ್ ಎತ್ತಿ, ಒಂದಷ್ಟು ಎಳೆದು, ಮತ್ತೆ ಎತ್ತಿ. ಕೈ ಇಂಜಿನ್ನಿಗೂ ಫ್ರೇಮಿಗೂ ಮಧ್ಯೆ ಇಡಬೇಡಿ, ಮರದ ತುಂಡಿಂದ ತಳ್ಳಿ.

ಹೊರಗೆ ಬಂದ ತಕ್ಷಣ ಇಂಜಿನ್ನನ್ನ ನೆಲದ ಹತ್ರಕ್ಕೆ ಇಳಿಸಿ, ಎತ್ತರದಲ್ಲಿಟ್ಟು ಕ್ರೇನ್ ತಳ್ಳಿಕೊಂಡು ಹೋದ್ರೆ ಒಂದು ಸಣ್ಣ ಕಲ್ಲಿಗೆ ಗಾಲಿ ಸಿಕ್ಕಿದ್ರೂ ಮಗುಚುತ್ತೆ. ಇತ್ತ ಗೇರ್‌ಬಾಕ್ಸಿನ ಮುಂದಿನ ತುದಿ ಈಗ ಜಾಕ್ ಮೇಲಷ್ಟೇ ನಿಂತಿದೆ. ಕ್ರಾಸ್‌ಮೆಂಬರ್ ವಾಪಸ್ ಹಾಕಿ, ಮುಂದಿನ ತುದಿಯನ್ನ ಫ್ರೇಮಿಗೆ ಅಡ್ಡ ಹಾಕಿದ ಪೈಪಿಗೆ ಚೈನಲ್ಲಿ ಕಟ್ಟಿ, ಬೆಲ್ ಹೌಸಿಂಗಿನ ಬಾಯಿಗೆ ಅಡ್ಡ ಒಂದು ಪಟ್ಟಿ ಬೋಲ್ಟ್ ಮಾಡಿ ಕನ್ವರ್ಟರ್ ಜಾರದ ಹಾಗೆ ಮಾಡಿ. ಅದಾದ ಮೇಲೆ ಜಾಕ್ ತೆಗೆದು ಗಾಡಿ ಪಕ್ಕಕ್ಕೆ ತಳ್ಳಬಹುದು.